ಅತ್ತಿಯ ಹೂವೂ ಅತ್ತಿಯ ಹುಳುವೂ

ಸಂತತಿಯನ್ನು ಉಳಿಸಿಹೋಗುವುದು ಸಕಲ ಜೀವಿಗಳಿಗೂ ಸಮಾನವಾದ ಧರ್ಮವಾದರೂ, ಅದನ್ನು ಸಾಧಿಸುವ ಬಗೆ ಪ್ರಾಣಿಗಳಲ್ಲಿ ಒಂದು, ಗಿಡಮರಗಳಲ್ಲಿ ಮತ್ತೊಂದು. ಪ್ರಾಣಿಯು ತನ್ನ ಜೊತೆಯನ್ನು ಅರಸಿಕೊಂಡು ಹೋಗಬಲ್ಲುದು; ಬೇರೂರಿ ನಿಂತ ಮರಕ್ಕೆ ಆ ಸೌಕರ್ಯವಿಲ್ಲ. ಬಾಳೆಯು ಬುಡದಲ್ಲಿ ಮರಿಯೊಡೆಯುತ್ತದೆ, ಕಬ್ಬು ಗೆಣ್ಣಿನಲ್ಲಿ ಮೊಳೆಯುತ್ತದೆ, ಆಲವು ಬಿಳಲಿಳಿಸಿ ಎಕರೆಗಟ್ಟಲೆ ಹಬ್ಬುತ್ತದೆ. ಆದರೆ ಇವೆಲ್ಲ ಒಂದೇ ಗಿಡದ ವಿಸ್ತಾರವೇ ಹೊರತು ಎರಡು ಜೀವಗಳ ಗುಣವು ಕೂಡಿ ಹುಟ್ಟಿದ ಹೊಸ ಜೀವವಲ್ಲ. ಅಂಥ ಹೊಸ ಜೀವವು ಹುಟ್ಟಬೇಕಾದರೆ ಒಂದು ಹೂವಿನ ಪರಾಗವು ಇನ್ನೊಂದು ಹೂವಿನ ಅಂಡವನ್ನು ಸೇರಬೇಕು. ಈ ದೌತ್ಯವನ್ನು ಗಾಳಿ, ನೀರು, ಹಕ್ಕಿ, ಬಾವಲಿ, ಕೀಟಗಳು ನಡೆಯಿಸಿಕೊಡುವುವೆಂಬುದು ಈಗ ಶಾಲೆಯ ಬಾಲಕರಿಗೂ ತಿಳಿದ ವಿಷಯ. ಈ ದೂತರಲ್ಲಿ ಪ್ರಾಣಿಗಳಾದವು ಬಹುಮಟ್ಟಿಗೆ ಮಕರಂದದ ಆಸೆಗೆ ಬಂದು, ಉಂಡು, ಹೊರಟುಹೋಗುವಂಥವು. ಅತ್ತಿ, ಆಲ, ಅರಳಿ, ಬಸರಿ, ಗೋಣಿ, ಅಂಜೂರ ಮೊದಲಾದವುಗಳ ಕುಲದಲ್ಲಿ ಮಾತ್ರ ದೂತನು ತನ್ನ ಸಂಸಾರವನ್ನೇ ಹೂವಿನೊಳಗೆ ಹೂಡುತ್ತಾನೆ. ಅಲ್ಲಿ ಮರದ ಸಂತಾನವೂ ಕೀಟದ ಸಂತಾನವೂ ಒಂದೇ ಕಾಯಿಯ ಒಡಲಿನಲ್ಲಿ, ಒಂದನ್ನು ಬಿಟ್ಟು ಇನ್ನೊಂದಿಲ್ಲವೆಂಬಂತೆ, ಒಟ್ಟಿಗೆ ಬೆಳೆಯುವುವು. ಸಸ್ಯದ ಪ್ರಜೋತ್ಪತ್ತಿ, ಪ್ರಾಣಿಯ ಪ್ರಜೋತ್ಪತ್ತಿ ಎಂದು ಬೇರೆಬೇರೆಯಾಗಿ ವಿವರಿಸುವ ಪದ್ಧತಿಯು ಈ ಕುಲದ ಮುಂದೆ ನಿಲ್ಲಲಾರದು.

ಈ ಮರಗಳಿಗೆ ಹೂವೇ ಇಲ್ಲವೆಂದು ಪ್ರಾಚೀನರು ಬಗೆದಿದ್ದರು. ಸಂಸ್ಕೃತದಲ್ಲಿ ವನಸ್ಪತಿಯೆಂಬ ಶಬ್ದಕ್ಕೆ ಹೂ ಬಿಡದೆ ಹಣ್ಣು ಬಿಡುವ ಮರವೆಂಬ ವಿಶೇಷಾರ್ಥವುಂಟು. ಬೌದ್ಧ ಗ್ರಂಥಗಳಲ್ಲಿ ಉದುಂಬರಪುಷ್ಪವು, ಎಂದರೆ ಅತ್ತಿಯ ಹೂವು, ಲೋಕದಲ್ಲಿ ಅತಿದುರ್ಲಭವಾದುದಕ್ಕೆ ಉಪಮಾನವಾಗಿ ಬರುತ್ತದೆ. ತಮಿಳರು ಅಪರೂಪಕ್ಕೆ ನಡೆಯುವ ಸಂಗತಿಯನ್ನು ಅತ್ತಿ ಹೂತಂತೆ ಎನ್ನುವರು. ಇತ್ತ ಹೊರಗೆ ಚೆಲುವು, ಒಳಗೆ ಹುಳು ಎಂಬ ಮಾತಿಗೂ ಅತ್ತಿಯ ಹಣ್ಣೇ ನಿದರ್ಶನ. ಕಾಣದ ಹೂವು ಒಂದು ಆಶ್ಚರ್ಯ, ಕಾಣುವ ಹುಳು ಒಂದು ಹೇಸಿಕೆ. ಇವೆರಡಕ್ಕೂ ಸಂಬಂಧವಿರಬಹುದೆಂಬ ಯೋಚನೆ ಬಹುಕಾಲದವರೆಗೆ ಯಾರಿಗೂ ಹೊಳೆದಂತಿಲ್ಲ. ಸಂಬಂಧವಿರುವುದು ಮಾತ್ರವಲ್ಲ, ಆ ಹುಳು ಇಲ್ಲದಿದ್ದರೆ ಅತ್ತಿಯ ಕಾಯಿಯಲ್ಲಿ ಒಂದು ಬೀಜವೂ ಕಟ್ಟದು.

ಹೂವು ಇರುವುದು ಕಾಯಿಯೊಳಗೆ. ಅತ್ತಿಯ ಮರದ ಕಾಂಡದ ಮೇಲೂ ದಪ್ಪ ಕೊಂಬೆಗಳ ಮೇಲೂ ಗೊಂಚಲುಗೊಂಚಲಾಗಿ ಅಂಟಿಕೊಂಡಿರುವ ಎಳೆಯ ಕಾಯಿಯನ್ನು ಕಿತ್ತು ಉದ್ದಕ್ಕೆ ಸೀಳಿದರೆ, ನಡುವೆ ಪೊಳ್ಳು, ಅದರ ಸುತ್ತ ಒಳಗೋಡೆಗೆ ಒತ್ತೊತ್ತಾಗಿ ನಾಟಿದ ಸಾವಿರಾರು ಅಣುಪುಷ್ಪಗಳು ಕಾಣುವುವು. ಸೂರ್ಯಕಾಂತಿಯಲ್ಲಿ ನೂರಾರು ಸಣ್ಣ ಹೂಗಳು ಒಂದು ತಟ್ಟೆಯ ಮೇಲೆ ಕೂಡಿರುವುವಷ್ಟೆ. ಆ ತಟ್ಟೆಯ ಅಂಚುಗಳನ್ನು ಮೇಲಕ್ಕೆ ಮಡಿಸಿ ಚೀಲದಂತೆ ಬಾಯಿ ಕಟ್ಟಿದರೆ ಹೇಗೋ ಹಾಗೆ ಅತ್ತಿಯ ರಚನೆ. ಆದಕಾರಣ ಜನರು ಕಾಯಿಯೆನ್ನುವುದು ವಾಸ್ತವವಾಗಿ ಒಳಮಗುಚಿದ ಒಂದು ಹೂಗೊಂಚಲು. ತೊಟ್ಟಿಗೆ ಎದುರಾದ ತುದಿಯಲ್ಲಿ ಒಂದು ಕಿರುಗಣ್ಣಿರುವುದು. ಆ ಕಣ್ಣನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬಿದ್ದ ಎಸಳುಗಳು ಬಿಗಿಯಾಗಿ ಮುಚ್ಚಿಕೊಂಡಿರುವುವು. ಒಳಗಿನ ಹೂಗಳಲ್ಲಿ ಬಹುಪಾಲು ಹೆಣ್ಣು ಹೂಗಳು. ಪರಾಗವನ್ನು ಬಿಡುವ ಗಂಡು ಹೂಗಳು ಕಣ್ಣಿನ ಸುತ್ತ ಮಾತ್ರ ಕೆಲವಿರುವುವು. ಕಲ್ಕತ್ತೆಯ ಸಸ್ಯೋದ್ಯಾನದ ಅಧ್ಯಕ್ಷನಾಗಿದ್ದ ಜಾರ್ಜ್ ಕಿಂಗ್ ಎಂಬಾತನು ೧೮೮೭-೮೮ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಭಾರತ, ಮಲಯ, ಚೀಣ ದೇಶಗಳ ಈ ಕುಲದ ಮರಗಳನ್ನು ವಿಂಗಡಿಸುವಾಗ ಕಾಯಿಗಳೊಳಗಿನ ಹೂಗಳ ಭೇದಗಳನ್ನೇ ಮುಖ್ಯವಾದ ಆಧಾರವಾಗಿ ಹಿಡಿದನು.

ಹೀಗೆ ಬಾಗಿಲಿಕ್ಕಿಕೊಂಡ ಮನೆಯೊಳಗೆ ಪರಾಗವು ಬರುವುದು ಹೇಗೆ? ಗಂಡು ಹೂವೂ ಹೆಣ್ಣು ಹೂವೂ ಒಂದೇ ಕಾಯಿಯಲ್ಲಿರುವಾಗ ಹೊರಗಿನ ಪರಾಗದ ಹಂಗೇಕೆ ಎಂದು ಕೇಳಬಹುದು. ಆದರೆ ಅವುಗಳ ಕಾಲ ಬೇರೆ. ಕಾಯಿ ಎಳೆಯದಾಗಿರುವಾಗಲೇ ಹೆಣ್ಣು ಹೂಗಳು ಪರಾಗವನ್ನು ಸ್ವೀಕರಿಸಲು ಸಿದ್ಧವಾಗುವುವು. ಆಗ ಗಂಡು ಹೂಗಳು ಇನ್ನೂ ಮೊಗ್ಗು. ಕೆಲವು ವಾರಗಳು ಕಳೆದು ಗಂಡು ಹೂಗಳು ಪಕ್ವವಾಗುವ ಹೊತ್ತಿಗೆ ಹೆಣ್ಣು ಹೂಗಳ ಕಾಲವು ಮುಗಿದಿರುತ್ತದೆ. ತನ್ನ ಪರಾಗವು ತನಗೇ ಒದಗದು. ಬೇರೊಂದು ಕಾಯಿಯಿಂದ, ಬಹುಮಟ್ಟಿಗೆ ಬೇರೊಂದು ಮರದಿಂದ, ಅದನ್ನು ತರಬೇಕು. ತಂದು ಬಾಗಿಲ ಹೊರಗೆ ಚೆಲ್ಲಿದರೆ ಸಾಲದು, ಒಳಹೊಕ್ಕು ಹೂಹೂವಿಗೂ ಮುಟ್ಟಿಸಬೇಕು.

ಈ ಕೆಲಸಕ್ಕೆ ಒದಗುವುದು ಎಳ್ಳಿನ ಕಾಳಿಗಿಂತ ಚಿಕ್ಕದಾದ, ಕಪ್ಪು ಮೈಯ ಒಂದು ಕಡಜ. ಕಡಜವೆಂದೊಡನೆ ಕುಟುಕುವ ಹಳದಿ ಹುಳುವನ್ನು ನೆನೆಯಬೇಕಾಗಿಲ್ಲ. ಇದು ಆ ಬಳಗಕ್ಕೆ ಸೇರಿದುದಾದರೂ ಮನುಷ್ಯನಿಗೆ ನಿರುಪದ್ರವಿ, ಕಣ್ಣಿಗೆ ಬೀಳುವುದೇ ಕಷ್ಟ. ಇದರ ಆಯುಸ್ಸು ಒಂದೆರಡು ದಿನ. ಹೆಣ್ಣು ಹೂಗಳು ಸಿದ್ಧವಾದಾಗ ಅತ್ತಿಯ ಕಾಯಿಯು ಒಂದು ಬಗೆಯ ಪರಿಮಳವನ್ನು ಗಾಳಿಗೆ ಬಿಡುತ್ತದೆ. ಮನುಷ್ಯನ ಮೂಗಿಗೆ ಅದು ಗಣ್ಯವಲ್ಲದಿದ್ದರೂ ಕಡಜಕ್ಕೆ ಅದೇ ಕರೆಯೋಲೆ. ಅತ್ತಿಗೊಂದು, ಆಲಕ್ಕೊಂದು, ಅರಳಿಗೊಂದು ಎಂಬಂತೆ ಪ್ರತಿಯೊಂದು ಜಾತಿಯ ಮರವೂ ತನ್ನದೇ ಆದ ಪರಿಮಳವನ್ನು ಬಿಟ್ಟು ತನ್ನದೇ ಆದ ಕಡಜವನ್ನು ಕರೆಯುವುದು. ಒಂದು ಮರಕ್ಕೆ ಒಂದೇ ಕಡಜವೆಂಬ ನಿಯಮವು ಮೊದಲು ಎಣಿಸಿದಷ್ಟು ಕಟ್ಟುನಿಟ್ಟಲ್ಲವೆಂದು ಇತ್ತೀಚಿನ ವರ್ಷಗಳಲ್ಲಿ ಕಂಡುಬಂದಿದೆ. ಒಂದೇ ಮರಕ್ಕೆ ಎರಡು ಮೂರು ಜಾತಿಯ ಕಡಜಗಳು ಒದಗುವ ಉದಾಹರಣೆಗಳು ಹೆಚ್ಚುತ್ತಿವೆ. ಆದರೂ ಅತ್ತಿಯ ಕಡಜವು ಆಲಕ್ಕೆ ಹೋಗುವುದಿಲ್ಲ. ಆಲದ್ದು ಅರಳಿಗೆ ಬರುವುದಿಲ್ಲ.

ಕಾಯಿಯ ಮೇಲಿಳಿದ ತಾಯಿಕಡಜವು ಕಣ್ಣನ್ನು ಹುಡುಕಿ ಎಸಳುಗಳ ಸಂದಿನಲ್ಲಿ ತಲೆಯನ್ನು ತೂರಿಸುತ್ತದೆ. ಅದರ ತಲೆಯು ಚಪ್ಪಟೆ. ದವಡೆಯ ಕೆಳಗೆ ಗರಗಸದ ಹಲ್ಲಿನಂಥ ಸಾಲುಗಳಿದ್ದು ಹಿಂದಕ್ಕೆ ಜಾರದಂತೆ ಹಿಡಿದುಕೊಡುವುವು. ದಾರಿಯು ಎಷ್ಟು ಇಕ್ಕಟ್ಟೆಂದರೆ ನುಗ್ಗುವಾಗ ರೆಕ್ಕೆಗಳು ಕಿತ್ತುಹೋಗುವುವು, ಮೀಸೆಗಳ ತುದಿಯು ಮುರಿದುಹೋಗುವುದು. ಹಾರಲು ರೆಕ್ಕೆಯಿಲ್ಲದೆ ಒಳಗೆ ಬಿದ್ದ ಆ ಪ್ರಾಣಿಯು ಸಾಮಾನ್ಯವಾಗಿ ಮತ್ತೆ ಬೆಳಕನ್ನು ಕಾಣದು. ಅದರ ಎದೆಯ ಕೆಳಭಾಗದಲ್ಲಿ ಎರಡು ಚೀಲಗಳಿರುವುವು. ಹುಟ್ಟಿದ ಕಾಯಿಯಿಂದ ಹೊರಡುವ ಮೊದಲು ಅದು ಮುಂಗಾಲುಗಳಿಂದ ಪರಾಗವನ್ನು ಬಾಚಿ ಆ ಚೀಲಗಳಿಗೆ ತುಂಬಿಕೊಂಡಿರುತ್ತದೆ. ಕಡಜವು ಮೈಗೆ ಮೆತ್ತಿದ ಪರಾಗವನ್ನು ಅರಿಯದೆ ಹೊತ್ತು ತರುವುದೆಂದೇ ವಿದ್ವಾಂಸರು ಬಹುಕಾಲ ಎಣಿಸಿದ್ದರು. ಅತ್ತಿಯ ಹತ್ತಿರದ ಬಂಧುವಾದ ಆಫ್ರಿಕದ ಸಿಕಮೋರ್ ಅತ್ತಿಯ ಕಡಜದಲ್ಲಿ ಈ ಚೀಲಗಳ ಉಪಯೋಗವು ೧೯೬೯ರಲ್ಲಿ ಪ್ರಕಟವಾದ ಮೇಲೆ, ಒಂದು ಕೀಟವು ಬೇಕೆಂದೇ ಪರಾಗವನ್ನು ಕಟ್ಟಿಕೊಂಡು ಹೋಗಿ ಬೇಕೆಂದೇ ಹಚ್ಚುವುದೆಂಬುದು ಸ್ಥಿರಪಟ್ಟಿತು. ಹೀಗೆ ಮಾಡುವುದರಲ್ಲಿ ಅದಕ್ಕೆ ಸ್ವಾರ್ಥವೂ ಇಲ್ಲದಿಲ್ಲ.

ಸ್ವಾರ್ಥವು ಮೊಟ್ಟೆಯಿಡುವುದರಲ್ಲಿದೆ. ಹೆಣ್ಣು ಹೂವಿನ ಬುಡದಲ್ಲಿ ಅಂಡಾಶಯ, ಅದರ ಮೇಲೆ ಶಲಾಕೆಯೆಂಬ ಸಣ್ಣ ಕೊಳವೆ, ಅದರ ತುದಿಯಲ್ಲಿ ಪರಾಗವನ್ನು ಹಿಡಿಯುವ ಭಾಗ. ಕಡಜವು ತನ್ನ ಮೊಟ್ಟೆಯಿಡುವ ಸೂಜಿಯನ್ನು ಶಲಾಕೆಯ ಮೂಲಕ ಇಳಿಸಿ ಅಂಡಾಶಯದೊಳಗೆ ಒಂದು ಮೊಟ್ಟೆಯನ್ನೂ ಅದರೊಡನೆ ಒಂದು ತೊಟ್ಟು ರಸವನ್ನೂ ಬಿಡುತ್ತದೆ. ಅದೇ ಸಮಯದಲ್ಲಿ ಚೀಲದಿಂದ ಪರಾಗವನ್ನು ತೆಗೆದು ಶಲಾಕೆಯ ತುದಿಗೆ ಸವರುತ್ತದೆ. ಮೊಟ್ಟೆ ಬಿದ್ದ ಅಂಡಾಶಯವು ಬೀಜವಾಗದೆ ಗಂಟುಕಟ್ಟಿ ಒಂದು ಮರಿಹುಳುವಿನ ತೊಟ್ಟಿಲೂ ಊಟದ ಬುತ್ತಿಯೂ ಆಗುತ್ತದೆ. ಮೊಟ್ಟೆ ಬೀಳದೆ ಪರಾಗ ಮಾತ್ರ ಬಿದ್ದ ಹೂವು ಬೀಜವಾಗುತ್ತದೆ. ಒಂದು ಹೂವಿನಿಂದ ಒಂದು ಕಡಜ, ಇಲ್ಲವೆ ಒಂದು ಬೀಜ, ಎರಡೂ ದೊರೆಯವು. ಕೆಲವು ಗಂಟೆಗಳ ಕಾಲ ಹೀಗೆ ಹೂವಿನಿಂದ ಹೂವಿಗೆ ಓಡಾಡಿ ತಾಯಿಯು ಅಲ್ಲಿಯೇ ಸಾಯುತ್ತದೆ.

ಆಮೇಲೆ ಕಣ್ಣು ಮುಚ್ಚಿಕೊಂಡು ಕಾಯಿಯು ನಿಧಾನವಾಗಿ ಬೆಳೆಯುವುದು. ವಾರಗಳು ಕಳೆದು ಮರಿಗಳು ಬಲಿತಾಗ ಮೊದಲು ಹೊರಬರುವುವು ಗಂಡುಗಳು. ಅವಕ್ಕೆ ರೆಕ್ಕೆಯಿಲ್ಲ, ಕಣ್ಣು ಹೆಸರಿಗೆ ಮಾತ್ರ, ಮೈ ಹಳದಿ ಮಿಶ್ರವಾದ ಕಂದು. ಎಲ್ಲ ಬಲವೂ ದವಡೆಯಲ್ಲಿಯೇ. ಗಂಡುಕಡಜವು ಕತ್ತಲಲ್ಲಿ ತೆವಳುತ್ತ ಹೆಣ್ಣಿರುವ ಗಂಟನ್ನು ಗುರುತಿಸಿ, ಅದರ ಗೋಡೆಯನ್ನು ಕೊರೆದು, ಇನ್ನೂ ಹೊರಬಾರದ ಹೆಣ್ಣಿನೊಡನೆ ಕೂಡುವುದು. ಬಳಿಕ ಗಂಡುಗಳೆಲ್ಲ ಸೇರಿ ಕಾಯಿಯ ದಪ್ಪ ಗೋಡೆಯಲ್ಲಿ ಒಂದು ಸುರಂಗವನ್ನು ತೋಡುವುವು. ಈ ಸುರಂಗವು ತಮಗಲ್ಲ, ರೆಕ್ಕೆಯಿಲ್ಲದವು ಹೋಗುವುದೆಲ್ಲಿಗೆ? ತೋಡಿ ಮುಗಿಸಿದ ಗಂಡುಗಳು ಒಳಗೋ ಸುರಂಗದ ಬಾಯಲ್ಲೋ ಸಾಯುವುವು. ಈ ಹೊತ್ತಿಗೆ ಸರಿಯಾಗಿ ಗಂಡು ಹೂಗಳು ಅರಳಿ ಪರಾಗವನ್ನು ಒಡ್ಡುವುವು. ಹೆಣ್ಣುಗಳು ಗಂಟುಗಳಿಂದೆದ್ದು, ಚೀಲಕ್ಕೆ ಪರಾಗವನ್ನು ತುಂಬಿಕೊಂಡು, ಸುರಂಗದಿಂದ ಹೊರಬಿದ್ದು, ಇನ್ನೊಂದು ಮರದ ಪರಿಮಳವನ್ನರಸಿ ಹಾರಿಹೋಗುವುವು. ಅವು ಹೋದಮೇಲೆಯೇ ಕಾಯಿಯು ಮೆತ್ತಗಾಗಿ, ಕೆಂಪೇರಿ, ಸಿಹಿಯಾಗುವುದು. ಹಣ್ಣನ್ನು ಒಡೆದವನ ಕಣ್ಣಿಗೆ ಬೀಳುವ ಹುಳುಗಳಲ್ಲಿ ಸತ್ತ ಗಂಡುಗಳು, ಹೊರಬೀಳಲಾರದೆ ಹೋದ ಹೆಣ್ಣುಗಳು, ಸುರಂಗದ ದಾರಿಯಿಂದ ಆಮೇಲೆ ನುಗ್ಗಿದ ಇರುವೆ ಮೊದಲಾದವು, ಎಲ್ಲವೂ ಇರುವುವು. ಹಳ್ಳಿಯವರು ಅತ್ತಿಯ ಹಣ್ಣನ್ನು ಬಿಡಿಸಿ, ಒದರಿ, ಊದಿ ತಿನ್ನುವುದು ಇದಕ್ಕಾಗಿಯೇ.

ಇಲ್ಲಿ ಒಂದು ಕಠಿನವಾದ ಪ್ರಶ್ನೆಯು ಏಳುತ್ತದೆ. ಕಡಜಕ್ಕೆ ಬೇಕಾದುದು ಮರಿಗಳು. ಎಲ್ಲ ಹೂಗಳಲ್ಲೂ ಮೊಟ್ಟೆಯಿಟ್ಟರೆ ಅದಕ್ಕೆ ಲಾಭ. ಹಾಗಾದರೆ ಮರಕ್ಕೆ ಬೀಜವೇ ಉಳಿಯದು. ಬೀಜವುಳಿಯದೆ ಮರದ ಜಾತಿಯು ಅಳಿದರೆ ಕಡಜದ ಜಾತಿಯೂ ಅಳಿಯುವುದು. ಆದರೆ ಒಂದೆರಡು ದಿನ ಬಾಳುವ ಹುಳುವು ಅಷ್ಟು ದೂರದ ಆಲೋಚನೆಯನ್ನು ಮಾಡೀತೆಂದು ಹೇಳಲು ಯಾವ ಆಧಾರವೂ ಇಲ್ಲ. ಅದನ್ನು ತಡೆಯುವುದೇನು? ಹೂಗಳ ಶಲಾಕೆಗಳೆಲ್ಲ ಒಂದೇ ಅಳತೆಯವಲ್ಲ, ಕೆಲವು ಗಿಡ್ಡ, ಕೆಲವು ಉದ್ದ. ಗಿಡ್ಡವಾದವುಗಳಲ್ಲಿ ಸೂಜಿಯು ಅಂಡಾಶಯಕ್ಕೆ ಮುಟ್ಟುವುದು, ಉದ್ದವಾದವುಗಳಲ್ಲಿ ಮುಟ್ಟದು ಎಂಬುದು ಹಳೆಯ ಸಮಾಧಾನ. ಅಳೆದು ನೋಡಿದಾಗ ಅನೇಕ ಜಾತಿಗಳಲ್ಲಿ ಸೂಜಿಯು ಸಾಕಷ್ಟು ಉದ್ದವಾಗಿಯೇ ಇದ್ದು ಈ ಸಮಾಧಾನವು ಪೂರ್ತಿಯಾಗಿ ಸಲ್ಲಲಿಲ್ಲ. ಗಿಡ್ಡ ಶಲಾಕೆಯ ಹೂಗಳ ಅಂಡಾಶಯವು ಪೊಳ್ಳಿನ ಕಡೆಗೂ, ಉದ್ದ ಶಲಾಕೆಯವುಗಳದು ಹೊರಗೋಡೆಯ ಕಡೆಗೂ ಇರುವುವು. ಹೊರಗಿನಿಂದ ಕಾಯಿಯ ಗೋಡೆಯನ್ನು ಚುಚ್ಚಿ ಮರಿಗಳನ್ನು ಕೊಲ್ಲುವ ಶತ್ರುಕಡಜಗಳಿರುವುದರಿಂದ, ಒಳಗಿನ ಹೂಗಳಲ್ಲಿಟ್ಟ ಮೊಟ್ಟೆಯೇ ಕ್ಷೇಮ. ಹೊರಗಿನವುಗಳಲ್ಲಿಟ್ಟುದು ಅಪಾಯಕ್ಕೆ ಗುರಿ. ಹೀಗೆ ಶತ್ರುಗಳ ಭಯವೇ ಮರಕ್ಕೆ ಬೀಜಗಳನ್ನು ಉಳಿಸಿಕೊಡುವುದೆಂದು ೨೦೦೮ರಲ್ಲಿ ಕೆಲವರು ತೋರಿಸಿದರು. ಇದೊಂದೇ ಕಾರಣವೆಂದು ಎಲ್ಲರೂ ಒಪ್ಪಿಲ್ಲ. ಹಲವು ಕಾರಣಗಳು ಜಾತಿಜಾತಿಗೆ ಬೇರೆಬೇರೆ ಪ್ರಮಾಣದಲ್ಲಿ ಕೂಡಿರುವುವೆಂಬುದೇ ಯುಕ್ತವಾಗಿ ಕಾಣುತ್ತದೆ.

ಮರವೂ ಕೈಕಟ್ಟಿ ಕುಳಿತಿಲ್ಲ. ಪರಾಗವನ್ನು ತಾರದೆ ಮೊಟ್ಟೆಯಿಡಲು ಮಾತ್ರ ಬಂದ ಕಡಜವು ಹೊಕ್ಕರೆ ಏನಾಗುವುದೆಂಬುದನ್ನು ಪನಾಮ ದೇಶದಲ್ಲಿ ಪರೀಕ್ಷಿಸಿದರು. ಪರಾಗವಿಲ್ಲದ ಕಡಜಗಳನ್ನು ಬೇಕೆಂದೇ ಕಾಯಿಗಳೊಳಗೆ ಬಿಟ್ಟಾಗ, ಕಡಜವು ತಾನಾಗಿ ಪರಾಗವನ್ನು ತುಂಬಿ ತರುವ ಜಾತಿಗಳ ಮರಗಳು ಅಂಥ ಕಾಯಿಗಳಲ್ಲಿ ಬಹುಪಾಲನ್ನು ಉದುರಿಸಿಬಿಟ್ಟುವು. ಉದುರದೆ ಉಳಿದವುಗಳಲ್ಲಿಯೂ ಮರಿಗಳ ಸಂಖ್ಯೆಯು ಕಡಮೆಯಾಯಿತು. ಈ ಫಲಿತಾಂಶವು ೨೦೧೦ರಲ್ಲಿ ಪ್ರಕಟವಾಯಿತು. ಪರಾಗ ಹಚ್ಚುವುದರಲ್ಲಿ ಕಡಜಕ್ಕೆ ಸ್ವಾರ್ಥವಿಲ್ಲದಿಲ್ಲವೆಂದು ಮೇಲೆ ಹೇಳಿದುದು ಈ ಅರ್ಥದಲ್ಲಿಯೇ.

ಕಡಜಗಳ ಗಂಡುಹೆಣ್ಣಿನ ಲೆಕ್ಕವೂ ಗಮನಿಸತಕ್ಕುದು. ಮನುಷ್ಯನಲ್ಲಿ ಗಂಡು ಹುಟ್ಟುವುದೋ ಹೆಣ್ಣು ಹುಟ್ಟುವುದೋ ತಾಯಿಯ ಇಚ್ಛೆಯಲ್ಲಿಲ್ಲ. ಜೇನು, ಇರುವೆ, ಕಡಜಗಳ ವರ್ಗದಲ್ಲಿ ಗಂಡಿನ ವೀರ್ಯವು ಸೇರಿದ ಮೊಟ್ಟೆಯು ಹೆಣ್ಣಾಗುವುದು, ಸೇರದುದು ಗಂಡಾಗುವುದು. ಜೇನಿನ ಗಂಡುಗಳು ತಂದೆಯಿಲ್ಲದೆ ಹುಟ್ಟುವುವೆಂಬುದನ್ನು ಸೈಲೀಶಿಯದ ಪಾದ್ರಿ ಜೀರ್ಜೋನನು ೧೮೪೫ರಲ್ಲಿ ಸಾರಿದ್ದನು. ತಾಯಿಕಡಜವು ವೀರ್ಯವನ್ನು ಒಡಲ ಒಂದು ಚೀಲದಲ್ಲಿ ಕಾಪಿಟ್ಟುಕೊಂಡಿದ್ದು, ಮೊಟ್ಟೆಯಿಡುವಾಗ ಅದನ್ನು ಬಿಡಬಲ್ಲುದು, ತಡೆಯಬಲ್ಲುದು. ಒಂದೇ ತಾಯಿಯು ಹೊಕ್ಕ ಕಾಯಿಯಲ್ಲಿ ಗಂಡುಗಳು ಕೂಡುವುದು ತಮ್ಮ ಒಡಹುಟ್ಟಿದ ಹೆಣ್ಣುಗಳನ್ನೇ. ಬಹಳ ಗಂಡುಗಳಿದ್ದರೆ ಅಣ್ಣತಮ್ಮಂದಿರೇ ತಮ್ಮತಮ್ಮೊಳಗೆ ಪೈಪೋಟಿ ನಡೆಸುವರು, ತಾಯಿಗೆ ಅದರಿಂದ ಮೊಮ್ಮಕ್ಕಳು ಹೆಚ್ಚರು. ಆದಕಾರಣ ಅಂಥ ಕಾಯಿಯಲ್ಲಿ ಗಂಡುಗಳು ಕೆಲವೇ, ಹೆಣ್ಣುಗಳು ಬಹಳ. ಹೊಕ್ಕ ತಾಯಂದಿರು ಹೆಚ್ಚಿದಂತೆ ಗಂಡುಗಳ ಪಾಲು ಹೆಚ್ಚಬೇಕೆಂದು ಇಂಗ್ಲೆಂಡಿನ ಹ್ಯಾಮಿಲ್ಟನ್ ೧೯೬೭ರಲ್ಲಿ ಗಣಿತದಿಂದ ಊಹಿಸಿದನು. ೧೯೮೫ರಲ್ಲಿ ಪನಾಮದ ಕಡಜಗಳನ್ನು ಎಣಿಸಿದಾಗ ಊಹೆಯು ಬಹುಮಟ್ಟಿಗೆ ನಿಜವಾಯಿತು. ಪ್ರಾಣಿಶಾಸ್ತ್ರದಲ್ಲಿ ಮೊದಲೇ ಲೆಕ್ಕಹಾಕಿ ಆಮೇಲೆ ಕಂಡ ಸಂಗತಿಗಳು ಹೆಚ್ಚಿಲ್ಲ, ಇದು ಅವುಗಳಲ್ಲೊಂದು.

ಇದುವರೆಗೆ ಹೇಳಿದುದು ಗಂಡು ಹೆಣ್ಣು ಎರಡೂ ಒಂದೇ ಕಾಯಿಯಲ್ಲಿರುವ ಅತ್ತಿಯ ಮಾತು. ಅಂಜೂರದಲ್ಲಿ ಮರಗಳೇ ಎರಡು ಬಗೆ. ಒಂದು ಬಗೆಯ ಮರದ ಕಾಯಿಗಳಲ್ಲಿ ಪರಾಗವೂ ಕಡಜಗಳೂ ಹುಟ್ಟುವುವು. ಇದು ತಿನ್ನಲು ಬಾರದ ಕಾಡಂಜೂರ. ಇನ್ನೊಂದು ಬಗೆಯ ಮರದ ಕಾಯಿಗಳಲ್ಲಿ ಉದ್ದ ಶಲಾಕೆಯ ಹೆಣ್ಣು ಹೂಗಳು ಮಾತ್ರ. ಅಲ್ಲಿ ಹೊಕ್ಕ ಕಡಜವು ಪರಾಗವನ್ನು ಹಚ್ಚುವುದು. ಆದರೆ ಸೂಜಿಯು ಅಂಡಾಶಯಕ್ಕೆ ನಿಲುಕದೆ, ಒಂದು ಮೊಟ್ಟೆಯನ್ನೂ ಇಡಲಾರದೆ ಸಾಯುವುದು. ಎರಡು ಬಗೆಯ ಕಾಯಿಗಳನ್ನೂ ಹೊರಗಿನಿಂದ ಬೇರೆಮಾಡಿ ತಿಳಿಯಲು ಕಡಜಕ್ಕೆ ಸಾಧ್ಯವಾಗಿದ್ದರೆ ಅಂಜೂರದ ಬೀಜವು ಎಂದೋ ಕಾಣದಾಗುತ್ತಿತ್ತು. ಗ್ರೀಕರು ಈ ಸಂಬಂಧವನ್ನು ಕೃಷಿಯ ಅನುಭವದಿಂದ ಬಲ್ಲವರಾಗಿದ್ದರು. ಕಾಡಂಜೂರದ ಕಾಯಿಗಳನ್ನು ಊರಂಜೂರದ ಮರಕ್ಕೆ ತೂಗುಹಾಕುವ ಪದ್ಧತಿಯನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಥಿಯೊಫ್ರಾಸ್ಟಸನು ವರ್ಣಿಸಿದ್ದಾನೆ. ಹಾಗೆ ಮಾಡಿದರೆ ಕಾಯಿ ಉದುರದೆ ನಿಲ್ಲುವುದೆಂಬುದು ಅವರಿಗೆ ತಿಳಿದಿತ್ತು, ಏಕೆ ನಿಲ್ಲುವುದೆಂಬುದು ತಿಳಿದಿರಲಿಲ್ಲ. ಪುಣೆಯ ಕಡೆಯಲ್ಲಿಯೂ ಬಳ್ಳಾರಿಯ ಸೀಮೆಯಲ್ಲಿಯೂ ಬೆಳೆಯುವ ಅಂಜೂರವು ಪರಾಗವಿಲ್ಲದೆಯೂ ಕಾಯಿ ಹಣ್ಣಾಗುವ ತಳಿಯಾದುದರಿಂದ ಅಲ್ಲಿಯ ರೈತರಿಗೆ ಕಡಜದ ಚಿಂತೆಯಿಲ್ಲ.

ಈ ಚಿಂತೆಯಿಂದ ಚೆನ್ನಾಗಿ ಬೆಂದವರು ಅಮೆರಿಕದ ಕ್ಯಾಲಿಫೋರ್ನಿಯದ ತೋಟಗಾರರು. ತುರ್ಕಿ ದೇಶದ ಸ್ಮಿರ್ನದಿಂದ ಬರುವ ಒಣ ಅಂಜೂರದ ರುಚಿಗೆ ಮಾರುಹೋಗಿ ಅವರು ೧೮೮೦ರ ಸುಮಾರಿಗೆ ಅಲ್ಲಿಂದ ಕಡ್ಡಿಗಳನ್ನು ಸಾವಿರಗಟ್ಟಲೆಯಾಗಿ ತರಿಸಿ ನೆಟ್ಟರು. ಮರಗಳು ಸೊಂಪಾಗಿ ಬೆಳೆದುವು. ಕಾಯಿಗಳು ಮಾತ್ರ ಗೋಲಿಯಷ್ಟಾಗುತ್ತಲೇ ಒಣಗಿ ಉದುರಿದುವು. ತುರ್ಕರು ಕೆಟ್ಟ ತಳಿಯನ್ನು ಕೊಟ್ಟು ವಂಚಿಸಿದರೆಂಬ ಅನುಮಾನವು ಹುಟ್ಟಿತು. ಕಾಡಂಜೂರವೂ ಅದರ ಹುಳುವೂ ಬೇಕೆಂದು ಹೇಳಿದವರ ಮಾತನ್ನು ಹಳ್ಳಿಗರ ಮೂಢನಂಬಿಕೆಯೆಂದು ನಕ್ಕರು. ಫ್ರೆಸ್ನೊ ಪ್ರಾಂತದ ಜಾರ್ಜ್ ರೋಡಿಂಗ್ ಎಂಬ ತೋಟಗಾರನು ೧೮೯೦ರಲ್ಲಿ ಕಾಡಂಜೂರದ ಪರಾಗವನ್ನು ಕೈಯಾರೆ ಕೆಲವು ಕಾಯಿಗಳೊಳಗೆ ಸೇರಿಸಿ ನೋಡಿದನು; ಆ ಕೆಲವು ಮಾತ್ರ ಹಣ್ಣಾದುವು. ಕಡಜಗಳನ್ನು ತರಿಸುವ ಪ್ರಯತ್ನವು ಹಲವು ಬಾರಿ ಕೆಟ್ಟಿತು. ಕಡೆಗೆ ವಾಲ್ಟರ್ ಸ್ವಿಂಗಲ್ ಎಂಬ ಸಸ್ಯಶಾಸ್ತ್ರಜ್ಞನು ಆಲ್ಜೀರಿಯದಿಂದ ಕಳುಹಿಸಿದ ಕಾಯಿಗಳ ಕಡಜಗಳು ೧೮೯೯ರಲ್ಲಿ ಅಲ್ಲಿ ನೆಲೆಗೊಂಡುವು. ಮರುವರ್ಷವೇ ಫಸಲು ಕೈಗೆ ಬಂದಿತು. ಎರಡು ದೇಶಗಳ ಹೆಸರನ್ನು ಬೆಸೆದು ಕ್ಯಾಲಿಮಿರ್ನವೆಂದು ಅದನ್ನು ಕರೆದರು. ಇಪ್ಪತ್ತು ವರ್ಷಗಳ ಬಂಜೆತನವು ಕಳೆದುದು ಒಂದು ಸಣ್ಣ ಹುಳುವಿನಿಂದ.

ಇದರ ತಿರುಗುಮುರುಗಾದ ಕಥೆಯು ಅದೇ ದೇಶದ ಫ್ಲಾರಿಡದಲ್ಲಿ ನಡೆಯಿತು. ಭಾರತದಲ್ಲಿಯೂ ಬೆಳೆಯುವ ಸಣ್ಣೆಲೆಯ ಒಂದು ಗೋಳಿಯನ್ನು ಅಲ್ಲಿ ನೆರಳಿಗೆಂದು ನೆಟ್ಟಿದ್ದರು. ಅದರ ಕಡಜವಿಲ್ಲದ ಕಾರಣ ದಶಕಗಳ ಕಾಲ ಒಂದು ಸಸಿಯೂ ತಾನಾಗಿ ಹುಟ್ಟಲಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದರ ಕಡಜವು ಹೇಗೋ ಬಂದು ಸೇರಿತು. ಆಮೇಲೆ ಗೋಡೆ, ಸೇತುವೆ, ಬೇರೆ ಮರಗಳ ಕವಲು, ಎಲ್ಲೆಂದರಲ್ಲಿ ಗೋಳಿಯ ಸಸಿಗಳು ಎದ್ದು ಈಗ ಅದು ಅಲ್ಲಿ ತೊಂದರೆ ಕೊಡುವ ಮರಗಳ ಪಟ್ಟಿಗೆ ಸೇರಿದೆ.

ಇಂಥ ಸಮೃದ್ಧವಾದ ಮನೆಗೆ ಕಳ್ಳರು ಬಾರದಿರುವರೆ? ಅತ್ತಿಯ ಕಾಯಿಗೆ ಪರಾಗವನ್ನು ತರುವ ಕಡಜವಲ್ಲದೆ ಬೇರೆ ಐದಾರು ಜಾತಿಯ ಕಡಜಗಳು ಬರುವುವು. ಅವು ಒಳಹೊಗುವುದಿಲ್ಲ, ಹೊರಗೆ ನಿಂತು, ಮೈಗಿಂತಲೂ ಉದ್ದವಾದ ಸೂಜಿಯಿಂದ ಕಾಯಿಯ ಗೋಡೆಯನ್ನು ಕೊರೆದು ಮೊಟ್ಟೆಯಿಡುವುವು. ಕೆಲವು ಹೂವನ್ನು ಗಂಟು ಮಾಡುವುವು, ಕೆಲವು ಒಳಗಿನ ಮರಿಗಳನ್ನೇ ತಿನ್ನುವುವು. ಕೂದಲಿಗಿಂತ ತೆಳುವಾದ ಸೂಜಿಯು ಗಟ್ಟಿಗಾಯಿಯನ್ನು ಬಾಗದೆ ಮುರಿಯದೆ ಹೊಗುವುದು ಹೇಗೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರೀಕ್ಷಿಸಿದಾಗ, ಅತ್ತಿಯ ಇಂಥ ಒಂದು ಕಡಜದ ಸೂಜಿಯ ತುದಿಯಲ್ಲಿ ಸತುವು ಸೇರಿ ಅದನ್ನು ಗಡುಸುಮಾಡಿರುವುದು ಕಂಡುಬಂದಿತು. ಇದು ೨೦೧೪ರಲ್ಲಿ ಪ್ರಕಟವಾದ ಸಂಗತಿ. ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳುಗಳು ಪರಾಗದ ಕಡಜವನ್ನೇ ವಾಹನ ಮಾಡಿಕೊಂಡು ಕಾಯಿಯಿಂದ ಕಾಯಿಗೆ ಹೋಗುವುವೆಂಬುದನ್ನೂ ಅದೇ ಸಂಸ್ಥೆಯ ಸಂಶೋಧಕರು ವಿವರಿಸಿದ್ದಾರೆ. ಮರದ ಮೇಲೆ ಓಡಾಡುವ ಚಗಳಿ ಇರುವೆಗಳು ಹೊರಗೆ ನಿಂತು ಕೊರೆಯುವ ಕಳ್ಳಕಡಜಗಳನ್ನು ಹಿಡಿದು ತಿಂದು ಮರಕ್ಕೆ ಉಪಕಾರ ಮಾಡುವುದುಂಟು. ಸುರಂಗದ ಬಾಯಲ್ಲಿ ಕಾದು ಒಳ್ಳೆಯವನ್ನೂ ಹಿಡಿಯುವುದುಂಟು. ಇರುವೆಗೆ ಕಳ್ಳನೂ ಒಂದೇ, ದೊರೆಯೂ ಒಂದೇ.

ಈ ವ್ಯವಸ್ಥೆಯ ಅತಿ ದುರ್ಬಲವಾದ ಭಾಗವೆಂದರೆ ಕಾಲ. ಹೊರಬಿದ್ದ ಹೆಣ್ಣುಕಡಜಕ್ಕಿರುವುದು ಒಂದೆರಡು ದಿನ. ಅಷ್ಟರಲ್ಲಿ ಅದೇ ಜಾತಿಯ, ಎಳೆಗಾಯಿಯುಳ್ಳ ಇನ್ನೊಂದು ಮರವು ಸಿಕ್ಕಬೇಕು. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೆ ಬಲಿಯುವುದರಿಂದ ತಾನು ಹುಟ್ಟಿದ ಮರದಲ್ಲಿ ಅದಕ್ಕೆ ಎಡೆಯು ದೊರೆಯುವುದು ಅಪರೂಪ. ಆದುದರಿಂದಲೇ ಈ ಕುಲದ ಮರಗಳು ಮಾವಿನಂತೆ ಎಲ್ಲವೂ ಒಂದೇ ಋತುವಿನಲ್ಲಿ ಹೂಬಿಡದೆ, ಒಂದು ಮರ ಇಂದು, ಇನ್ನೊಂದು ಮರ ಮುಂದಿನ ತಿಂಗಳು ಎಂಬಂತೆ ವರ್ಷವೆಲ್ಲ ಸರದಿಯಲ್ಲಿ ಕಾಯಿ ಬಿಡುವುವು. ಬೇರೆ ಹಣ್ಣುಗಳಿಲ್ಲದ ಕಾಲದಲ್ಲಿಯೂ ಕುಟ್ರಹಕ್ಕಿ, ಕೋಗಿಲೆ, ಪಿಕಳಾರ, ಬಾವಲಿ, ಮುಸುವಗಳಿಗೆ ಆಲ, ಅತ್ತಿ, ಬಸರಿಗಳಲ್ಲಿ ಎಲ್ಲಿಯಾದರೂ ಊಟವು ದೊರೆಯುವುದು ಕಡಜದ ಈ ಅಲ್ಪಾಯುಸ್ಸಿನ ಫಲ. ಹಣ್ಣು ತಿಂದ ಪ್ರಾಣಿಗಳು ಬೀಜಗಳನ್ನು ದೂರದೂರಕ್ಕೆ ಚೆಲ್ಲುವುವು. ದೇವಾಲಯದ ಗೋಪುರದಲ್ಲಿಯೂ ಕೋಟೆಯ ಗೋಡೆಯಲ್ಲಿಯೂ ಅರಳಿಯು ಮೊಳೆಯುವುದು ಹೀಗೆ.

ಮರಗಳು ವಿರಳವಾದರೆ ಸರದಿಯು ತಪ್ಪುವುದು. ಒಂದು ಪ್ರದೇಶದಲ್ಲಿ ಕಡಜಗಳು ನಿರಂತರವಾಗಿ ಉಳಿಯಬೇಕಾದರೆ ಒಂದೆರಡಲ್ಲ, ಹತ್ತಾರು ಮರಗಳಾದರೂ ಬೇಕೆಂದು ಲೆಕ್ಕದಿಂದ ತೋರಿಸಿದ್ದಾರೆ. ದೊಡ್ಡ ಮರಗಳ ಕಡಜಗಳು ಗಾಳಿಯನ್ನೇರಿ ಬಹುದೂರ ಹೋಗಬಲ್ಲುವೆಂಬುದು ಸಮಾಧಾನದ ಸಂಗತಿ. ನಮೀಬಿಯದ ಮರುಭೂಮಿಯ ನದೀತೀರದಲ್ಲಿ ಸಿಕಮೋರ್ ಅತ್ತಿಯ ಬೀಜಗಳ ತಂದೆಮರಗಳನ್ನು ಗುರುತಿಸಿದಾಗ, ಪರಾಗವು ೧೬೦ ಕಿಲೋಮೀಟರುಗಳಷ್ಟು ದೂರದಿಂದ ಬಂದುದು ೨೦೦೯ರಲ್ಲಿ ತಿಳಿದುಬಂದಿತು. ಅಂಜೂರದಂತೆ ಗಂಡುಮರ ಹೆಣ್ಣುಮರ ಬೇರೆಯಾಗಿರುವ ಅಡವಿಯ ಸಣ್ಣ ಜಾತಿಗಳ ಕಡಜಗಳಿಗೆ ಇಷ್ಟು ಶಕ್ತಿಯಿಲ್ಲ. ಬೋರ್ನಿಯೊ ದ್ವೀಪದ ಲಂಬೀರ್ ಅರಣ್ಯದಲ್ಲಿ ೧೯೯೮ರ ಮೊದಲ ತಿಂಗಳುಗಳಲ್ಲಿ ತೀವ್ರವಾದ ಬರ ಬಿದ್ದಾಗ ಇಂಥ ಮರಗಳು ಕೆಲವು ಕಾಲ ಕಾಯಿ ಬಿಡುವುದನ್ನೇ ನಿಲ್ಲಿಸಿದುವು. ನಿಲ್ಲಿಸಿದೊಡನೆ ಅವುಗಳ ಕಡಜಗಳು ಆ ಅರಣ್ಯದಿಂದ ನಿರ್ಮೂಲವಾದುವು. ಮಳೆ ಮರಳಿ ಬಂದು ಮರಗಳು ಕಾಯಿ ಬಿಟ್ಟರೂ ತಿಂಗಳುಗಟ್ಟಲೆ ಕೆಲವು ಜಾತಿಗಳ ಕಡಜಗಳು ಹಿಂತಿರುಗಲಿಲ್ಲ. ಸಿಂಗಪುರದಲ್ಲಿ ಹಲವು ಜಾತಿಯ ಕಡಜಗಳನ್ನು ಬೇರೆಬೇರೆ ಉಷ್ಣತೆಗಳಲ್ಲಿಟ್ಟು ನೋಡಿದವರು, ಶಾಖವು ಈಗಿರುವುದಕ್ಕಿಂತ ಮೂರು ಡಿಗ್ರಿಯಷ್ಟು ಏರಿದರೆ ಅವುಗಳ ಆಯುಸ್ಸು ಕೆಲವೇ ಗಂಟೆಗಳಿಗೆ ಇಳಿಯುವುದೆಂದು ೨೦೧೩ರಲ್ಲಿ ಪ್ರಕಟಿಸಿದರು.

ಮೂರು ಕೋಟಿ ನಲವತ್ತು ಲಕ್ಷ ವರ್ಷಗಳಷ್ಟು ಹಿಂದಿನ ಒಂದು ಕಡಜದ ಶಿಲಾವಶೇಷವು ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ದೊರೆತಿದೆ. ಮೊದಲು ಅದನ್ನು ಇರುವೆಯೆಂದು ಬರೆದಿಟ್ಟಿದ್ದರು. ೨೦೧೦ರಲ್ಲಿ ಮತ್ತೆ ಪರೀಕ್ಷಿಸಿದಾಗ ಅದು ಈ ಕುಲದ ಮರಗಳ ಕಡಜವೆಂದೂ, ಅದರ ಎದೆಯಲ್ಲಿ ಪರಾಗದ ಚೀಲಗಳೂ ಚೀಲಗಳಲ್ಲಿ ಪರಾಗವೂ ಇರುವುವೆಂದೂ ಗೊತ್ತಾಯಿತು. ಇಂದಿನ ಕಡಜಕ್ಕೂ ಅದಕ್ಕೂ ರೂಪದಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಹಳೆಯ ಮೈಸೂರು ಸೀಮೆಯ ರಸ್ತೆಗಳ ಇಕ್ಕೆಲಗಳಲ್ಲಿ ಆಲ, ಗೋಣಿಗಳ ದಪ್ಪ ಕೊಂಬೆಗಳನ್ನು ನೆಟ್ಟು ಸಾಲುಮರಗಳನ್ನು ಬೆಳೆಸಿದವರಿಗೆ ಕಡಜದ ಸಹಾಯವು ಬೇಕಾಗಿರಲಿಲ್ಲ; ಕೊಂಬೆಯೇ ಮರವಾಯಿತು. ಆದರೆ ಆ ಸಾಲುಮರಗಳಲ್ಲಿ ಬಿಟ್ಟ ಕಾಯಿಗಳು ಬೀಜ ಕಟ್ಟಿ ಹಣ್ಣಾದುದು ಕಡಜದಿಂದಲೇ, ಮತ್ತು ರಸ್ತೆಗಳನ್ನು ಅಗಲಮಾಡುವುದಕ್ಕಾಗಿ ಕಡಿದ ಪ್ರತಿಯೊಂದು ಮರದೊಡನೆ ಆ ಸೀಮೆಯ ಕಡಜಗಳ ಸರದಿಯಲ್ಲಿ ಒಂದು ತಂಗುದಾಣವು ಕಡಮೆಯಾಯಿತು.